ತೂಬು ಕಟ್ಟಿದೆ

ಒಂದು ಕಾಡಿನಲ್ಲಿ ಸಣ್ಣ ಹೊಳೆಗೆ ಅಡ್ಡವಾಗಿ ಒಂದು ಒಡ್ಡು ಇತ್ತು. ಪ್ರಾಣಿಗಳೇ ಕಟ್ಟಿದ ಒಡ್ಡು. ಕಲ್ಲು, ಮಣ್ಣು, ಹುಲ್ಲು, ಮುರಿದ ಕೊಂಬೆ. ನೋಡಲು ಚೆಂದವಿರಲಿಲ್ಲ. ನೀರು ನಿಲ್ಲಿಸುತ್ತಿತ್ತು. ಅಷ್ಟು ಸಾಕು.

ಒಡ್ಡಿನ ಮೇಲ್ಗಡೆ ದೊಡ್ಡ ಮಡು. ಬುಡದಲ್ಲಿ ಒಂದು ತೂಬು. ತೂಬು ಎಂದರೆ ನೀರು ಬಿಡುವ ಕಂಡಿ. ಅದರಿಂದ ಹೊರಟ ನೀರು ಒಂದು ಸಣ್ಣ ಕಾಲುವೆಯಲ್ಲಿ ಹರಿದು ಕೆಳಗಿನ ಗುಂಡಿಗೆ ಬೀಳುತ್ತಿತ್ತು. ಮೇಲಿನ ಮಡುವಿನಲ್ಲಿ ಆನೆ, ಕಾಡುಕೋಣ ಕುಡಿಯುತ್ತಿದ್ದವು. ಕೆಳಗಿನ ಗುಂಡಿಯಲ್ಲಿ ಮೊಲ, ಜಿಂಕೆ, ನವಿಲು. ದೊಡ್ಡವರ ಕಾಲಡಿಗೆ ಸಿಗದೆ ನೀರು ಕುಡಿಯಲು ಸಣ್ಣವರಿಗೆ ಇದ್ದದ್ದು ಅದೊಂದೇ ಜಾಗ.

ಎರಡು ಬೇಸಿಗೆ ಹಿಂದೆ ಈ ಒಡ್ಡು ಒಡೆದಿತ್ತು. ಕೆಲಸ ಮಾಡಿದವರು ಅದನ್ನು ಮುತ್ತುಗದ ಎಲೆಯ ಮೇಲೆ ಗೀಚಿ ಒಡ್ಡಿನ ಬಳಿಯ ಅತ್ತಿ ಮರಕ್ಕೆ ಸಿಕ್ಕಿಸುವ ರೂಢಿ ಆಗಲೂ ಇತ್ತು. ಒಡೆದ ದಿನ ಎಲ್ಲರೂ ಮರದ ಹತ್ತಿರ ಓಡಿದರು. ಯಾರು ಯಾವ ಕಲ್ಲು ಮುಟ್ಟಿದರೆಂದು ಗೊತ್ತಾದರೆ ಮತ್ತೆ ಅಲ್ಲೇ ಇಡಬಹುದಲ್ಲ. ಮರದಲ್ಲಿ ಹನ್ನೊಂದು ಎಲೆ ಇದ್ದವು. ಹನ್ನೊಂದರಲ್ಲೂ ಒಂದೇ ಮಾತು.

"ಸರಿ ಮಾಡಿದೆ."

ಹನ್ನೊಂದು ಜನ ಸರಿ ಮಾಡಿದ ಒಡ್ಡು ಕೊಚ್ಚಿಹೋಗಿತ್ತು. ಆ ಬೇಸಿಗೆ ಯಾರೂ ಮರೆಯುವಂಥದ್ದಲ್ಲ.

ಅತ್ತಿ ಮರದ ಬೇರಿನ ಪೊಟರೆಯಲ್ಲಿ ಒಂದು ಮುದಿ ಮುಳ್ಳುಹಂದಿ ಇತ್ತು. ಎಲ್ಲರೂ ಮುಳ್ಳಜ್ಜ ಎನ್ನುತ್ತಿದ್ದರು. ಹಗಲು ಮಲಗುತ್ತಿದ್ದ, ಸಂಜೆ ಏಳುತ್ತಿದ್ದ. ಮಾತು ಕಡಿಮೆ. ಹೊಸ ಒಡ್ಡು ಎದ್ದ ದಿನ ಅವನು ಹೊರಗೆ ಬಂದು, "ಇನ್ನು ಮೇಲೆ ಎಲೆ ನಾನು ನೋಡ್ತೀನಿ" ಎಂದ. ಅಂದು ಅವನು ಆಡಿದ್ದು ಅಷ್ಟೇ. ಉಳಿದದ್ದನ್ನು ಮರದ ತೊಗಟೆಯ ಮೇಲೆ ಕೆತ್ತಿದ.

ಎಲೆಯ ಮೊದಲ ಪದ ಹೊಸದು, ದುರಸ್ತಿ, ತೆಗೆದದ್ದು, ಈ ಮೂರರಲ್ಲಿ ಒಂದಾಗಿರಬೇಕು. ಆಮೇಲೆ ಏನು, ಎಲ್ಲಿ, ಏಕೆ. ಕೊನೆಗೆ ಯಾರು. ಮೊದಲ ಸಾಲು ಅಜ್ಜನ ಒಂದು ಮುಳ್ಳಿಗಿಂತ ಉದ್ದವಿರಬಾರದು. ಎಲೆ ಸರಿಯಿದ್ದರೆ ಅಜ್ಜ ಅದೇ ಮುಳ್ಳಿನಿಂದ ಮರಕ್ಕೆ ಚುಚ್ಚುತ್ತಿದ್ದ. ಇಲ್ಲದಿದ್ದರೆ "ಸಾಲದು" ಎಂದು ವಾಪಸು ಕೊಡುತ್ತಿದ್ದ. ಎಲೆ ಇಲ್ಲದ ಕೆಲಸವನ್ನು ಕಂಡವರು ಕಿತ್ತುಹಾಕಬಹುದು.

ಕಟ್ಟಳೆ ಇಷ್ಟೇ. ಎರಡು ವರ್ಷ ಒಡ್ಡು ಅಲುಗಲಿಲ್ಲ.

ಒಡ್ಡಿನ ಪಕ್ಕದ ದಿಬ್ಬದಲ್ಲಿ ಕೆಂಚ ಎಂಬ ಮುಂಗುಸಿ ಇದ್ದ. ಚುರುಕು ಕಾಲು, ಅದಕ್ಕಿಂತ ಚುರುಕು ಬಾಯಿ. ಹೆಂಡತಿ ಬೂದಮ್ಮ. ಕಣ್ಣು ಬಿಡದ ಮೂರು ಮರಿಗಳು. ಕೆಂಚನಿಗೆ ಮುಳ್ಳಜ್ಜನ ಕಟ್ಟಳೆ ಕಂಡರೆ ಮೈ ಉರಿ. ತಾನು ಹಗಲು ಕೆಲಸ ಮುಗಿಸಿ, ಈ ಮುದುಕ ಏಳುವವರೆಗೆ ಮರದ ಕೆಳಗೆ ಕಾಯಬೇಕು. ಕಾದರೂ ಎಲೆ ಪಾಸಾಗುವುದಿಲ್ಲ.

ಒಂದು ದಿನ ಅವನು ಒಡ್ಡಿನ ಮೇಲೆ ಎರಡು ಹಿಡಿ ಮಣ್ಣು ಹಾಕಿ ಎಲೆ ತಂದ.

"ಸರಿ ಮಾಡಿದೆ."

"ಸಾಲದು" ಎಂದ ಅಜ್ಜ.

ಕೆಂಚ ಇನ್ನೊಂದು ಎಲೆ ಗೀಚಿದ. "ಇನ್ನೂ ಸರಿ ಮಾಡಿದೆ."

"ಸಾಲದು."

"ಇದು ಕೊನೇದು."

"ಸಾಲದು."

"ನಿಜವಾಗಿ ಇದೇ ಕೊನೇದು."

ಅಜ್ಜ ಆ ಎಲೆಯನ್ನು ತಿರುಗಿಸಿ ಹಿಂದುಗಡೆಯೂ ನೋಡಿದ. ಅಲ್ಲೂ ಏನೂ ಇರಲಿಲ್ಲ. "ಸಾಲದು" ಎಂದು ಮೇಯಲು ಹೊರಟುಹೋದ.

ಕೆಂಚ ಬಾಲ ಬಡಿದು ಮನೆಗೆ ಬಂದ. ಬೂದಮ್ಮ ಮರಿಗಳಿಗೆ ಹಾಲೂಡಿಸುತ್ತಿದ್ದಳು.

"ಎರಡು ಹಿಡಿ ಮಣ್ಣಿಗೆ ನಾಲ್ಕು ಎಲೆ ಹಾಳಾಯಿತು" ಎಂದ.

"ಒಂದರಲ್ಲೇ ನೆಟ್ಟಗೆ ಬರೆದಿದ್ದರೆ ಮೂರು ಉಳೀತಿತ್ತು" ಎಂದಳು ಬೂದಮ್ಮ.

ಕೆಂಚ ಕೇಳಿಸಿಕೊಳ್ಳಲಿಲ್ಲ. ಅವನ ಮನಸ್ಸು ಕೆಳಗಿನ ಗುಂಡಿಯಲ್ಲಿತ್ತು.

ಆ ಗುಂಡಿಯ ಕಲ್ಲುಸಂದಿಗಳಲ್ಲಿ ಏಡಿಗಳಿದ್ದವು. ಕೊಬ್ಬಿದ ಏಡಿಗಳು. ನೀರು ತುಂಬಿರುವವರೆಗೆ ಅವು ಕೆಂಚನ ಕೈಗೆ ಸಿಗವು. ತೂಬು ಮುಚ್ಚಿದರೆ ಗುಂಡಿಗೆ ನೀರು ಬರುವುದು ನಿಲ್ಲುತ್ತದೆ. ಇರುವ ನೀರು ಮರಳಿನಲ್ಲಿ ಇಂಗುತ್ತದೆ. ಏಡಿಗಳು ಕೆಸರಿನಲ್ಲಿ ಹೊರಳಾಡುತ್ತವೆ. ಆಮೇಲೆ ಹೆಕ್ಕಿಕೊಳ್ಳುವುದೊಂದೇ ಕೆಲಸ.

ಮಾರನೆಯ ಸಂಜೆ ಅವನು ಮುಳ್ಳಜ್ಜನ ಮುಂದೆ ಬಹಳ ವಿನಯದಿಂದ ನಿಂತ.

"ಅಜ್ಜ, ತೂಬನ್ನು ನಾಲ್ಕು ದಿನ ಮುಚ್ಚೋಣ ಅಂತಿದೀನಿ."

"ಏಕೆ?"

"ತೂಬಿಗೂ ಸ್ವಲ್ಪ ವಿಶ್ರಾಂತಿ ಬೇಡವಾ? ಹಗಲೂ ರಾತ್ರಿ ಸುರೀತಾನೇ ಇದೆ, ಪಾಪ."

ಅಜ್ಜ ಅವನನ್ನು ನೋಡಿದ.

"ಏಡಿ ಹೇಗಿದ್ದಾವೆ?" ಎಂದು ಕೇಳಿದ.

ಕೆಂಚ ಬಾಲ ಮುದುರಿಕೊಂಡು ವಾಪಸಾದ. ದಾರಿಯಲ್ಲಿ ಅವನಿಗೆ ಒಂದು ವಿಷಯ ಹೊಳೆಯಿತು. ಈ 'ಏಕೆ' ಎಂಬ ಪದ ಇರುವವರೆಗೆ ತನಗೆ ಏಡಿ ಇಲ್ಲ.

ಆ ವಾರ ಅವನು ಕಾಡೆಲ್ಲ ಸುತ್ತಿದ. ಕಾಡುಹಂದಿಯ ಬಳಿ ಹೋಗಿ, "ಮಾವ, ನಿನ್ನ ಎಲೆ ಎಷ್ಟು ಸಲ ವಾಪಸ್ ಬಂತು?" ಎಂದು ಕೇಳಿದ.

"ಆರು ಸಲ" ಎಂದಿತು ಕಾಡುಹಂದಿ. "ಗೊರಸಲ್ಲಿ ಬರೆದ ಅಕ್ಷರ ಅಜ್ಜನಿಗೆ ಅರ್ಥ ಆಗಲಿಲ್ಲವಂತೆ. ನನಗೂ ಆಗಲಿಲ್ಲ ಅನ್ನು."

"ಬಂಡೆ ಉರುಳಿಸೋ ನಿನ್ನಂಥವನ ಕೈಯಲ್ಲಿ ಅಕ್ಷರ ತಿದ್ದಿಸೋದಾ ಮಾವ?"

ಹಂದಿಗೆ ಅದುವರೆಗೆ ಬೇಜಾರಾಗಿರಲಿಲ್ಲ. ಈಗ ಆಯಿತು.

ಮೊಲದ ಬಳಿ ಹೋದ. ಮೊಲದ ಕಷ್ಟ ಬೇರೆ. ಅದು ಒಂದು ಕಡ್ಡಿ ಸಿಕ್ಕಿಸಿದರೂ, ಬೆಳಿಗ್ಗೆ ಎದ್ದದ್ದರಿಂದ ಹಿಡಿದು ಕಡ್ಡಿ ಸಿಕ್ಕಿದ ಪೊದೆಯವರೆಗೆ ಎಲ್ಲ ಬರೆಯುತ್ತಿತ್ತು. ಅಜ್ಜ ಮುಳ್ಳು ಇಟ್ಟು ಅಳೆದು, "ಉದ್ದ" ಎಂದು ಕೊಡುತ್ತಿದ್ದ.

"ನಿನ್ನ ಬರವಣಿಗೆ ಬೆಲೆ ಆ ಮುದುಕನಿಗೆ ಗೊತ್ತಿಲ್ಲ ಕಣಣ್ಣ" ಎಂದ ಕೆಂಚ.

"ಹೌದಾ? ನನಗೂ ಒಂದೊಂದು ಸಲ ಹಾಗೇ ಅನಿಸ್ತಿತ್ತು" ಎಂದು ಮೊಲ ಕಿವಿ ನೆಟ್ಟಗೆ ಮಾಡಿತು.

ಹೀಗೆ ಹತ್ತು ಕಡೆ ಹತ್ತು ಮಾತು. ಹುಣ್ಣಿಮೆಯ ಸಂಜೆ ಎಲ್ಲರೂ ಅತ್ತಿ ಮರದ ಕೆಳಗೆ ಸೇರಿದರು. ಕೆಂಚ ಒಂದು ಕಲ್ಲಿನ ಮೇಲೆ ಹತ್ತಿದ.

"ನಾವು ಮಣ್ಣು ಹೊರೋರು. ಎಲೆ ಬರೆಯೋರಲ್ಲ. ಮಾಡಿದ ಕೆಲಸ ಕಣ್ಣಿಗೇ ಕಾಣುತ್ತೆ. ಮತ್ತೆ ಅದಕ್ಕೆ ಏಕೆ, ಏನು, ಎಲ್ಲಿ ಅಂತ ಕಥೆ ಯಾಕೆ? ಒಬ್ಬರಿಗೊಬ್ಬರು ನಂಬಿಕೆ ಇಲ್ಲವಾ?"

"ಅದೂ ಸರಿ" ಎಂದಿತು ಹಂದಿ.

"ಎಲೆ ಅಂತೂ ಇರಲಿ" ಎಂದಿತು ಮೊಲ. "ಏನೂ ಬರೆಯದೆ ಇರೋದು ನನಗಾಗಲ್ಲ."

"ಇರಲಿ ಇರಲಿ. ಎಲೆ ಇಲ್ಲದ್ದನ್ನು ಕಿತ್ತುಹಾಕೋದೂ ಇರಲಿ. ಆದರೆ ಎಲೆಯಲ್ಲಿ ಏನು ಬರೀಬೇಕು ಅನ್ನೋದು ಬರೆಯೋನ ಇಷ್ಟ. ಯಾರೂ ಅಳೆಯೋದು ಬೇಡ, ವಾಪಸ್ ಕೊಡೋದು ಬೇಡ."

ಎಲ್ಲರೂ ಮುಳ್ಳಜ್ಜನ ಕಡೆ ತಿರುಗಿದರು.

"ಬೇಡವಾ?" ಎಂದ ಅಜ್ಜ.

ಹಂದಿ ನೆಲ ಮೂಸಿತು, ಮೊಲ ಕಿವಿ ಇಳಿಬಿಟ್ಟಿತು.

"ಸರಿ" ಎಂದು ಅಜ್ಜ ಪೊಟರೆಯೊಳಗೆ ಹೋದ. ಹೋಗುವಾಗ ಮೈಯೊಮ್ಮೆ ಕೊಡವಿದ. ಮುಳ್ಳುಗಳು ಕಟಕಟ ಎಂದವು. ಅದಕ್ಕೆ ಏನರ್ಥವೋ ಯಾರಿಗೂ ತಿಳಿಯಲಿಲ್ಲ.

ಮಾರನೆಯ ಬೆಳಿಗ್ಗೆ ಕೆಂಚ ತೂಬಿನ ಬಾಯಿಗೆ ಹಸಿಮಣ್ಣು, ಹುಲ್ಲು ತುರುಕಿದ. ಧಾರೆ ನಿಂತಿತು. ಮಧ್ಯಾಹ್ನ ಮರದ ಬಳಿ ಬಂದ. ಎಲೆ ಇಲ್ಲದಿದ್ದರೆ ಯಾರಾದರೂ ಕಿತ್ತುಹಾಕುತ್ತಾರೆ. ಎಲೆಯಲ್ಲಿ ಹೆಸರಿದ್ದರೆ ಬಾಯಾರಿದ ಜಿಂಕೆಗಳು ಜಗಳಕ್ಕೆ ಮನೆಗೇ ಬರುತ್ತವೆ. ಆದ್ದರಿಂದ ಅವನು ಬರೆದದ್ದು ಎರಡೇ ಪದ.

"ತೂಬು ಕಟ್ಟಿದೆ."

ಮನೆಗೆ ಬಂದು ಅದನ್ನೇ ಬೂದಮ್ಮನಿಗೂ ಹೇಳಿದ. "ತೂಬು ಕಟ್ಟಿದೆ ಕಣೇ. ಎರಡು ದಿನದಲ್ಲಿ ಏಡಿ."

ಬೂದಮ್ಮ ತಲೆಯೆತ್ತಿದಳು. "ಕಟ್ಟಿದೆ ಅಂದರೆ? ನೀನು ಕಟ್ಟಿದೆಯೋ, ಮೂಗು ಕಟ್ಟಿದೆ ಅಂತಾರಲ್ಲ, ಹಾಗೆ ಅದೇ ಕಟ್ಟಿಕೊಂಡಿದೆಯೋ?"

"ಯಾವುದಾದರೇನು? ನೀರು ನಿಂತಿತಲ್ಲ."

"ಓದಿದವರಿಗೆ ಗೊತ್ತಾಗಬೇಡವಾ?"

"ಗೊತ್ತಾಗಬಾರದು ಅಂತಲೇ ಬರೆದದ್ದು" ಎಂದು ಕೆಂಚ ನಕ್ಕ. ತನ್ನ ಜಾಣತನಕ್ಕೆ ತಾನೇ ಮೆಚ್ಚಿ ಬಾಲವನ್ನು ಎರಡು ಸಲ ನೆಕ್ಕಿಕೊಂಡ.

ಈಗ ಹೊಳೆಯಕ್ಕನ ವಿಷಯ ಹೇಳಬೇಕು. ಹೊಳೆಯಕ್ಕ ಒಂದು ನೀರುನಾಯಿ. ಮೇಲಿನ ಮಡುವಿನಲ್ಲಿ ವಾಸ. ತೂಬಿನಲ್ಲಿ ಕಸಕಡ್ಡಿ ಸಿಕ್ಕಿಕೊಂಡರೆ ಮುಳುಗಿ ಬಿಡಿಸುವುದು ಅವಳ ಪಾಲಿನ ಕೆಲಸ. ದಿನಾ ಬೆಳಿಗ್ಗೆ ಅತ್ತಿ ಮರದ ಎಲೆಗಳನ್ನು ಓದಿಯೇ ಅವಳು ನೀರಿಗಿಳಿಯುತ್ತಿದ್ದಳು. ಒಳ್ಳೆಯವಳು. ಬರೆದದ್ದನ್ನು ನಂಬುವವಳು.

ಮಾರನೆಯ ಬೆಳಿಗ್ಗೆ ಅವಳು ಆ ಎಲೆ ಓದಿದಳು. 'ತೂಬು ಕಟ್ಟಿದೆ.'

"ಅಯ್ಯೋ, ಕಟ್ಟಿಕೊಂಡಿತಾ" ಎಂದು ಮುಳುಗಿದಳು. ಮಣ್ಣು, ಹುಲ್ಲು ಎಳೆದು ಬಿಸಾಡಿದಳು. ಧಾರೆ ಬಿತ್ತು. ಹೆಸರಿಲ್ಲದೆ ಎಲೆ ಬರೆದು ತಿಳಿಸಿದ ಪುಣ್ಯಾತ್ಮ ಯಾರಿರಬಹುದು ಎಂದು ಯೋಚಿಸುತ್ತ ಮೀನು ಹಿಡಿಯಲು ಹೋದಳು.

ಕೆಂಚ ಬಂದು ನೋಡಿದ. ಗುಂಡಿ ತುಂಬಿತ್ತು. ಒಂದು ಏಡಿ ನೀರೊಳಗಿನಿಂದಲೇ ಅವನನ್ನು ನೋಡಿ ಕಲ್ಲಿನ ಕೆಳಗೆ ಸರಿಯಿತು.

ಯಾರೋ ಬೇಕೆಂದೇ ಕಿತ್ತಿದ್ದಾರೆ. ಎಲೆ ಇದ್ದ ಕೆಲಸವನ್ನು ಕೀಳುವುದೆಂದರೆ ಏನು? ನ್ಯಾಯ ಕೇಳಬೇಕು. ಆದರೆ ನ್ಯಾಯ ಕೇಳಲು ಹೋದರೆ ಕಟ್ಟಿದವನು ತಾನೆಂದು ಹೇಳಬೇಕು. ಅವನು ಬಾಯಿ ಮುಚ್ಚಿಕೊಂಡ. ಮುಂಗುಸಿಗೆ ಅದು ದೊಡ್ಡ ಕಷ್ಟ.

ಅಂದು ಕಲ್ಲು ತಂದು ತುರುಕಿದ. ಇನ್ನೊಂದು ಎಲೆ ಸಿಕ್ಕಿಸಿದ. "ತೂಬು ಮತ್ತೆ ಕಟ್ಟಿದೆ."

"ಮತ್ತೆಯಾ?" ಎಂದಳು ಹೊಳೆಯಕ್ಕ ಮಾರನೆಯ ಬೆಳಿಗ್ಗೆ. "ಈ ಹೊಳೆ ಈಗ ಕಲ್ಲನ್ನೂ ತರುತ್ತಲ್ಲ." ಕಲ್ಲು ಒಂದೊಂದಾಗಿ ಎಳೆದು ಹಾಕಿದಳು.

ಮಧ್ಯಾಹ್ನ ಕೆಂಚ ಅವಳನ್ನು ಹುಡುಕಿಕೊಂಡು ಬಂದ. ಅವಳು ಬಂಡೆಯ ಮೇಲೆ ಮೈ ಒಣಗಿಸಿಕೊಳ್ಳುತ್ತಿದ್ದಳು.

"ಏನು ಹೊಳೆಯಕ್ಕ, ಆರಾಮಾ?"

"ಎಲ್ಲಿ ಆರಾಮಪ್ಪ. ಕೆಲಸ ಜಾಸ್ತಿ ಆಗಿದೆ."

"ತೂಬಿನ ಕಡೆ ಹೋಗ್ತಾ ಇರ್ತೀಯಲ್ಲ. ಅಲ್ಲಿ ಯಾರಾದರೂ ಕಳ್ಳರ ಹಾಗೆ ಓಡಾಡೋದು ಕಂಡೆಯಾ?"

"ಇಲ್ಲಪ್ಪ. ನಾನೊಬ್ಬಳೇ."

"ತೂಬಿನ ವಿಷಯ ಮರದಲ್ಲೊಂದು ಎಲೆ ಇತ್ತಂತೆ. ನೋಡಿದೆಯಾ?"

"ನೋಡದೆ ಇರ್ತೀನಾ? ನೋಡಿದೆ. ಚೆನ್ನಾಗೇ ನೋಡಿಕೊಂಡೆ."

ಕೆಂಚನಿಗೆ ಸಮಾಧಾನವಾಯಿತು. ಹೊಳೆಯಕ್ಕ ಎಲೆಗೆ ಮರ್ಯಾದೆ ಕೊಡುವವಳು. ಅವಳಿಂದ ತೊಂದರೆ ಇಲ್ಲ. ಕೀಳುವವರು ಬೇರೆ ಯಾರೋ ಇರಬೇಕು. ಬಹುಶಃ ಆ ಮುದುಕನೇ.

"ಹಾಗಾದರೆ ಈ ಸಲ ಅವನ ಕೈಯಲ್ಲಿ ಆಗದ ಹಾಗೆ ಮಾಡ್ತೀನಿ" ಎಂದು ಕೆಂಚ ಹಲ್ಲು ಕಡಿದ.

ಎರಡು ದಿನ ದುಡಿದ. ಇಷ್ಟು ದುಡಿತ ಅವನು ಒಡ್ಡಿಗಾಗಿ ಎಂದೂ ದುಡಿದಿರಲಿಲ್ಲ. ತೇಗದ ತುಂಡು ಎಳೆತಂದ. ಬಿದಿರ ಮುಳ್ಳು ಹೆಣೆದ. ಹುತ್ತದ ಮಣ್ಣನ್ನು ಕಲಸಿ ಮೆತ್ತಿದ. ಅಂಗಾಲು ಸುಲಿದುಹೋಯಿತು. ಕೊನೆಗೆ ಒಂದು ಹನಿಯೂ ಜಿನುಗದಂತಾಯಿತು. ಆಮೇಲೆ, ಕೀಳಲು ಬರುವವನಿಗೆ ಹೆದರಿಕೆಯಾಗಲಿ ಎಂದು, ದೊಡ್ಡ ಎಲೆ ಆರಿಸಿ ಬರೆದ.

"ತೂಬು ಪೂರಾ ಕಟ್ಟಿದೆ. ಬಲು ಬಿಗಿ. ಒಬ್ಬರ ಕೈಲಿ ಆಗುವುದಿಲ್ಲ."

ಹೊಳೆಯಕ್ಕ ಅದನ್ನು ಬೆಳಿಗ್ಗೆ ಓದಿದಳು. ಎರಡು ಸಲ ಓದಿದಳು.

"ಎಷ್ಟು ಕಾಳಜಿ ನೋಡು, ಯಾರೋ ಪಾಪ" ಎಂದಳು. "ಒಬ್ಬಳೇ ಹೋಗಬೇಡ ಅಂತ ಮೊದಲೇ ತಿಳಿಸಿದ್ದಾರೆ." ದೊಡ್ಡ ಹೊಳೆಯ ಕಡೆ ಅವಳ ಮೂವರು ತಮ್ಮಂದಿರಿದ್ದರು. ಅವರನ್ನು ಕರೆತರಲು ಅಲ್ಲಿಂದಲೇ ಹೊರಟಳು. ಹೋಗಲು ಒಂದು ದಿನ, ಬರಲು ಒಂದು ದಿನ.

ಆ ಎರಡು ದಿನ ತೂಬನ್ನು ಯಾರೂ ಮುಟ್ಟಲಿಲ್ಲ. ಕೆಳಗಿನ ಗುಂಡಿಯ ನೀರು ಇಳಿಯಿತು. ಮೊದಲ ದಿನ ಮೊಣಕಾಲುದ್ದ. ಎರಡನೆಯ ದಿನ ಕೆಸರು. ಜಿಂಕೆಗಳು ಬಂದು ಮೂಸಿ ಹೋದವು. ಮೊಲ ಒಣಗಿದ ನಾಲಿಗೆ ಹೊರಗೆ ಹಾಕಿಕೊಂಡು ಕೂತಿತು. ಮೇಲಿನ ಮಡುವಿಗೆ ಹೋಗಲು ಆನೆಗಳ ಭಯ.

ಕೆಂಚ ಏಡಿ ಹೆಕ್ಕಿದ. ತಿಂದ. ಮತ್ತೆ ಹೆಕ್ಕಿದ. ಹೊತ್ತು ಮನೆಗೆ ತರುವುದು ದೂರವೆನಿಸಿತು. ತೂಬಿನಿಂದ ಗುಂಡಿಗೆ ಹೋಗುವ ಕಾಲುವೆ ಈಗ ಒಣಗಿತ್ತು. ಅದರ ದಂಡೆಯಡಿ ತಂಪಾದ ಒಂದು ಬಿಲ ಕಂಡ. ಏಡಿಗೆ ನಾಲ್ಕೇ ಹೆಜ್ಜೆ.

"ಸಂಸಾರ ಇಲ್ಲಿಗೇ ತರೋಣ" ಎಂದ ಹೆಂಡತಿಗೆ.

"ನೀರಿನ ದಾರಿಯಲ್ಲಿ ಮನೆಯಾ?"

"ನೀರು ಎಲ್ಲಿದೆ? ತೂಬು ಕಟ್ಟಿದೆ."

"ಯಾರಾದರೂ ತೆಗೆದರೆ?"

"ಒಬ್ಬರ ಕೈಲಿ ಆಗುವುದಿಲ್ಲ ಅಂತ ಬರೆದು ಹಾಕಿದೀನಿ. ಓದೋಕೆ ಬರೋರೆಲ್ಲ ಓದಿರ್ತಾರೆ."

ಬೂದಮ್ಮನಿಗೆ ಮನಸ್ಸಿರಲಿಲ್ಲ. ಆದರೂ ಮರಿಗಳನ್ನು ಒಂದೊಂದಾಗಿ ಕಚ್ಚಿಕೊಂಡು ತಂದಳು. ಕೆಂಚ ಬಿಲದ ಬಾಯಲ್ಲಿ ಇಪ್ಪತ್ತು ಏಡಿಗಳ ಗುಡ್ಡೆ ಹಾಕಿದ. ಓಡದಂತೆ ಮೇಲೊಂದು ಚಪ್ಪಡಿ ಇಟ್ಟ.

ಮೂರನೆಯ ದಿನ ಸಂಜೆ. ಬಿಸಿಲು ಇಳಿಯುತ್ತಿತ್ತು. ಕೆಂಚ ಕೆಸರಿನ ನಡುವೆ ಇಪ್ಪತ್ತೊಂದನೆಯ ಏಡಿಯ ಹಿಂದೆ ಬಿದ್ದಿದ್ದ. ಆಗ ಮೊಲ ಕುಪ್ಪಳಿಸುತ್ತ ಬಂತು. ಮುಖ ಅರಳಿತ್ತು.

"ಕೆಂಚಣ್ಣ, ನಮ್ಮ ಕಷ್ಟ ಮುಗೀತು. ಹೊಳೆಯಕ್ಕ ತಮ್ಮಂದಿರನ್ನ ಕರಕೊಂಡು ಬಂದಿದಾಳೆ. ಕಾಡುಹಂದಿ ಮಾವನೂ ಸೇರಿಕೊಂಡಿದಾನೆ."

"ಯಾಕೆ?"

"ತೂಬು ಕಟ್ಟಿದೆಯಂತಲ್ಲ, ಬಿಡಿಸೋಕೆ. ಎಲೆ ಓದಲಿಲ್ವಾ ನೀನು? ಯಾರೋ ಬರೆದಿದಾರೆ. ಪಾಪ, ಮೂರು ಸಲ ಬರೆದಿದಾರೆ."

ಕೆಂಚ ಏಡಿಯನ್ನು ಬಿಟ್ಟ. ಮೂರೂ ಎಲೆಗಳು ಒಂದೊಂದಾಗಿ ಅವನ ಕಣ್ಣ ಮುಂದೆ ಬಂದವು. ಬೂದಮ್ಮ ಕೇಳಿದ್ದೂ ನೆನಪಾಯಿತು. ನೀನು ಕಟ್ಟಿದೆಯೋ, ಅದೇ ಕಟ್ಟಿಕೊಂಡಿದೆಯೋ?

ಅವನು ಓಡಿದ. ಮರಿಗಳಿದ್ದ ಬಿಲ ಒಂದು ಕಡೆ, ತೂಬು ಇನ್ನೊಂದು ಕಡೆ. ತೂಬಿನ ಕಡೆ ಓಡಿದ.

ಒಡ್ಡಿನ ಮೇಲೆ ಅರ್ಧ ಕಾಡು ಸೇರಿತ್ತು. ಹುತ್ತದ ಮಣ್ಣು ಆಗಲೇ ಕೆದರಿ ಬಿದ್ದಿತ್ತು. ನೀರುನಾಯಿಗಳು ಬಿದಿರ ಮುಳ್ಳು ಬಿಡಿಸುತ್ತಿದ್ದವು.

"ಇದೇನಕ್ಕ, ಮುಳ್ಳು ಜಡೆ ಹಾಕಿದ ಹಾಗಿದೆ" ಎಂದ ಒಬ್ಬ ತಮ್ಮ. "ನೀರು ಹೀಗೆಲ್ಲ ಹೆಣೆಯುತ್ತಾ?"

"ಈ ವರ್ಷದ ನೀರೇ ಹಾಗೆ" ಎಂದಳು ಹೊಳೆಯಕ್ಕ. "ಎಳಿ."

"ನಿಲ್ಲಿಸಿ" ಎಂದು ಕೆಂಚ ಕೂಗಿದ. "ತೂಬು ಕಟ್ಟಿದೆ."

"ಗೊತ್ತಪ್ಪ. ಅದಕ್ಕೇ ಬಂದದ್ದು."

"ಅಲ್ಲ, ಕಟ್ಟಿದೆ, ಕಟ್ಟಿದೆ."

"ಅವಸರ ಮಾಡಬೇಡ ಕೆಂಚ" ಎಂದಿತು ಕಾಡುಹಂದಿ ತೇಗದ ತುಂಡಿಗೆ ಹೆಗಲು ಕೊಡುತ್ತ. "ತೆಗೀತಾ ಇದೀವಲ್ಲ."

ತುಂಡು ಕಿರುಗುಟ್ಟಿತು. ಸಂದಿನಿಂದ ಮೊದಲ ನೀರು ಚಿಮ್ಮಿತು. ಕೆಂಚ ಒಡ್ಡಿನ ಮೇಲೆ ನಿಂತು ಕಾಲುವೆ ನೋಡಿದ. ದೂರದಲ್ಲಿ ಬಿಲದ ಬಾಯಿ. ಬೂದಮ್ಮನ ಬಾಲದ ತುದಿ ಮಾತ್ರ ಕಾಣುತ್ತಿತ್ತು.

ಅವನು ಇದ್ದಷ್ಟು ಉಸಿರು ಸೇರಿಸಿ ಒದರಿದ.

"ಕಟ್ಟಿದ್ದು ನಾನು. ಕೆಂಚ. ತೂಬಿನ ಬಾಯಿಗೆ ಕಲ್ಲು ಮಣ್ಣು ತುಂಬಿದ್ದು ನಾನು. ಏಡಿ ತಿನ್ನೋಕೆ. ಕಾಲುವೆಯಲ್ಲಿ ನನ್ನ ಮರಿಗಳಿದ್ದಾವೆ."

ಎಲ್ಲರ ಕೈ ನಿಂತಿತು. ಗದ್ದಲಕ್ಕೆ ಎಚ್ಚರಗೊಂಡು ಮುಳ್ಳಜ್ಜ ಪೊಟರೆಯ ಬಾಯಲ್ಲಿ ಕೂತಿದ್ದ. ಅವನು ಮೆಲ್ಲಗೆ ಉಗುರು ಮಡಚಿ ಎಣಿಸಿದ. ಯಾರು, ಬಂತು. ಏನು, ಬಂತು. ಏಕೆ, ಬಂತು. ಎಲ್ಲಿ, ಅದೂ ಬಂತು.

"ಈಗ ಸರಿಯಾಯಿತು" ಎಂದ.

ಅಷ್ಟರಲ್ಲಿ ತೇಗದ ತುಂಡು ಕಳಚಿತು. ಹೊಳೆಯಕ್ಕ ಹಿಂದುಮುಂದು ನೋಡಲಿಲ್ಲ. ತೂಬಿನ ಬಾಯಿಗೆ ತನ್ನ ಬೆನ್ನು ಕೊಟ್ಟು ಕೂತುಬಿಟ್ಟಳು. ನೀರು ಅವಳ ಸುತ್ತ ಬುಸುಗುಟ್ಟಿತು.

"ಓಡು" ಎಂದಳು. "ಈಗ ನಾನು ಕಟ್ಟಿದ್ದೀನಿ. ಬಹಳ ಹೊತ್ತು ಆಗಲ್ಲ."

ಕೆಂಚ ಓಡಿದ. ಬೂದಮ್ಮ ಆಗಲೇ ಒಂದು ಮರಿ ಕಚ್ಚಿಕೊಂಡು ದಂಡೆ ಹತ್ತುತ್ತಿದ್ದಳು. ಕೆಂಚ ಒಂದು ತಂದ. ಮತ್ತೆ ಇಳಿದು ಇನ್ನೊಂದು ತಂದ. ಮೂರೂ ಮರಿಗಳು ದಿಬ್ಬದ ಮೇಲೆ ಸೇರಿದವು. ಬದುಕಿದೆವು ಎಂದು ಬೂದಮ್ಮ ಅವನ್ನು ನೆಕ್ಕತೊಡಗಿದಳು.

ಅಲ್ಲಿಗೆ ಮುಗಿಯಬೇಕಿತ್ತು. ಆದರೆ ಕೆಂಚನಿಗೆ ಏಡಿಗಳ ಗುಡ್ಡೆ ನೆನಪಾಯಿತು. ಇಪ್ಪತ್ತು ಏಡಿ.

"ಒಂದು ನಿಮಿಷ" ಎಂದ.

"ಎಲ್ಲಿಗೆ?" ಎಂದಳು ಬೂದಮ್ಮ.

"ಬಂದೆ."

"ಏಕೆ?"

ಕೆಂಚ ಆಗಲೇ ದಂಡೆ ಇಳಿಯುತ್ತಿದ್ದ. ಕಾಲುವೆಗೆ ಹಾರಿದ. ಚಪ್ಪಡಿ ಎತ್ತಿದ. ಅದೇ ಗಳಿಗೆಗೆ ಹೊಳೆಯಕ್ಕನ ಬೆನ್ನು ಸೋತಿತು. ಮೂರು ದಿನ ತಡೆದ ನೀರು ಒಟ್ಟಿಗೆ ನುಗ್ಗಿತು. ಕೆಂಚ, ಚಪ್ಪಡಿ, ಇಪ್ಪತ್ತು ಏಡಿ, ಎಲ್ಲ ಸೇರಿ ಉರುಳುತ್ತ ಗುಂಡಿಗೆ ಬಿದ್ದವು. ಏಡಿಗಳಿಗೆ ಹಿಡಿದುಕೊಳ್ಳಲು ಏನಾದರೂ ಬೇಕಿತ್ತು. ಕೆಂಚನ ಬಾಲ ಸಿಕ್ಕಿತು.

ನೀರುನಾಯಿಗಳು ಅವನನ್ನು ದಡಕ್ಕೆ ಎಳೆದು ಹಾಕಿದಾಗ ಬಾಲದಲ್ಲಿ ಹದಿನಾಲ್ಕು ಏಡಿಗಳು ನೇತಾಡುತ್ತಿದ್ದವು. ಮೊಲ ಎಣಿಸಿತು. ನೀರು ಕುಡಿದು ಬಂದು ಮತ್ತೊಮ್ಮೆ ಎಣಿಸಿತು. ಆ ಸಂಗತಿಯನ್ನು ಒಂದು ಎಲೆಯಲ್ಲಿ ಬರೆಯಲು ಹೊರಟು, ಎಲೆ ಸಾಲದೆ ಒಂಬತ್ತು ಎಲೆ ಬರೆಯಿತು.

ಮಾರನೆಯ ಸಂಜೆ ಮತ್ತೆ ಎಲ್ಲರೂ ಮರದ ಕೆಳಗೆ ಸೇರಿದರು.

"ಅಜ್ಜ, ಇನ್ನು ಮೇಲೆ ಮೊದಲಿನ ಹಾಗೇ ನೀನೇ ಎಲೆ ನೋಡು" ಎಂದಿತು ಕಾಡುಹಂದಿ. "ನಾನು ಅಕ್ಷರ ದೊಡ್ಡದಾಗಿ ಬರೀತೀನಿ."

"ಕೆಂಚನ್ನ ಏನು ಮಾಡೋಣ?" ಎಂದು ಜಿಂಕೆಗಳು ಕೇಳಿದವು.

ಕೆಂಚ ತಲೆ ತಗ್ಗಿಸಿ ನಿಂತಿದ್ದ. ಊದಿದ ಬಾಲಕ್ಕೆ ಬೂದಮ್ಮ ಸೊಪ್ಪು ಅರೆದು ಕಟ್ಟಿದ್ದಳು.

"ಹಗಲು ನಾನು ಮಲಗ್ತೀನಿ" ಎಂದ ಮುಳ್ಳಜ್ಜ. "ಹಗಲು ಎಲೆ ಅವನು ನೋಡಲಿ."

ಎಲ್ಲರೂ ಗಾಬರಿಯಿಂದ ಅಜ್ಜನನ್ನು ನೋಡಿದರು. ಅಜ್ಜ ಮೈಯಿಂದ ಒಂದು ಮುಳ್ಳು ಕಿತ್ತು ಕೆಂಚನ ಕೈಗೆ ಕೊಟ್ಟ. ಅಳತೆಗೆ.

ಮರುದಿನ ಬೆಳಿಗ್ಗೆ ಕೆಂಚ ಮರದ ಕೆಳಗೆ ಕೂತ. ಬಾಲ ನೆಲಕ್ಕೆ ತಗಲದಂತೆ ಒರಗಿ ಕೂತ. ಮೊದಲು ಬಂದದ್ದು ಮೊಲದ ಒಂಬತ್ತು ಎಲೆ. "ಉದ್ದ" ಎಂದು ವಾಪಸು ಕೊಟ್ಟ. ಆಮೇಲೆ ಪೊಟರೆಯೊಳಗಿಂದಲೇ ಒಂದು ಎಲೆ ಹೊರಗೆ ಬಂತು. ಮುಳ್ಳಜ್ಜ ಇನ್ನೂ ಮಲಗಿರಲಿಲ್ಲ. ಎಲೆಯಲ್ಲಿ ಎರಡೇ ಪದ.

"ಸರಿ ಮಾಡಿದೆ."

ಕೆಂಚ ಎಲೆ ನೋಡಿದ. ಹಿಂದುಗಡೆಯೂ ನೋಡಿದ. ಪೊಟರೆಯ ಕತ್ತಲೊಳಗೆ ಎರಡು ಕಣ್ಣು ಅವನನ್ನೇ ನೋಡುತ್ತಿದ್ದವು. ಕೆಂಚನಿಗೆ ಸ್ವಲ್ಪ ಹೆದರಿಕೆಯಾಯಿತು. ಬಾಲ ಚುಳುಕ್ಕೆಂದಿತು. ಅವನು ಎಲೆಯನ್ನು ಒಳಗೆ ತಳ್ಳಿದ.

"ಸಾಲದು ಅಜ್ಜ" ಎಂದ. "ಏನನ್ನ? ಎಲ್ಲಿ? ಏಕೆ?"

ಒಳಗೆ ಗೀಚುವ ಸದ್ದಾಯಿತು. ಎಲೆ ಮತ್ತೆ ಹೊರಗೆ ಬಂತು.

"ದುರಸ್ತಿ: ಕೆಂಚ. ಅತ್ತಿ ಮರದ ಕೆಳಗೆ. ಕೆಟ್ಟಿದ್ದ. ಮುಳ್ಳಜ್ಜ."

ಕೆಂಚ ಮುಳ್ಳು ಇಟ್ಟು ಅಳೆದ. ಒಂದಕ್ಷರವೂ ಹೆಚ್ಚಿರಲಿಲ್ಲ. ತಪ್ಪು ಹುಡುಕಿದ. ಸಿಗಲಿಲ್ಲ. ಎಲ್ಲರಿಗೂ ಕಾಣುವಂತೆ ಅದನ್ನು ಮರಕ್ಕೆ ಚುಚ್ಚಲೇಬೇಕಾಯಿತು. ಚುಚ್ಚಿದ.

ಒಳಗಿನಿಂದ ಗೊರಕೆ ಕೇಳಿಸಿತು.

ನೀತಿ: ಹತ್ತು ಜನ ಸೇರಿ ಮಾಡುವ ಕೆಲಸದಲ್ಲಿ ಯಾರು, ಏನು, ಎಲ್ಲಿ, ಏಕೆ ಎಂಬುದನ್ನು ಎಲ್ಲರೂ ಒಂದೇ ಕ್ರಮದಲ್ಲಿ ತಿಳಿಯಾಗಿ ಬರೆದಿಡಬೇಕು. ಬಚ್ಚಿಡಲೆಂದು ಅರೆಬರೆ ಬರೆದವನ ಮನೆಗೇ ನೀರು ಮೊದಲು ನುಗ್ಗುತ್ತದೆ.